ಎಣಿಸದ ಬಹುಸಂಖ್ಯೆ: ಇರಾನಿನ ನೆಲ, ಜನ ಮತ್ತು ರಾಷ್ಟ್ರದ ಪ್ರಶ್ನೆ, ಷಿಕಾಗೊ–ಡೆಟ್ರಾಯ್ಟ್ ಕಡೆಯಿಂದ

ಇರಾನಿನಲ್ಲಿ ಪರ್ಷಿಯನ್ನರು ಬಹುಸಂಖ್ಯಾತರು ಎಂದು ಎಲ್ಲ ಕೈಪಿಡಿಗಳೂ ಬರೆಯುತ್ತವೆ. ಶೇಕಡಾ ಎಷ್ಟು ಎಂದು ಕೇಳಿದರೆ ಮಾತ್ರ ತಡವರಿಸುತ್ತವೆ. ಅಮೆರಿಕದ ಸಿಐಎ ಹೊರತರುತ್ತಿದ್ದ ವಿಶ್ವ ಕೈಪಿಡಿಯೇ ಒಂದು ಕಾಲಕ್ಕೆ 51 ಎಂದಿತ್ತು, ಆಮೇಲೆ 61 ಎಂದಿತು. ಈ ನಡುವೆ ನೂರಕ್ಕೆ ಹತ್ತು ಮಂದಿ ಪರ್ಷಿಯನ್ನರು ಎಲ್ಲಿಂದಲೂ ವಲಸೆ ಬಂದಿರಲಿಲ್ಲ. ಇರಾನಿನ ಜನಗಣತಿ ಮತ ಯಾವುದೆಂದು ಕೇಳುತ್ತದೆ, ಜನಾಂಗ ಯಾವುದೆಂದು ಕೇಳುವುದಿಲ್ಲ. ಹಾಗಾಗಿ ಅಜೆರಿಗಳು, ಕುರ್ದರು, ಲೂರರು, ಗಿಲಕಿಗಳು, ಅರಬರು, ಬಲೂಚಿಗಳು, ತುರ್ಕಮನ್ನರು ಎಷ್ಟೆಷ್ಟು ಎಂಬ ಅಂಕಿಗಳೆಲ್ಲ ಅಂದಾಜೇ. ಅಂದಾಜು ಮಾಡುವವನ ಒಲವು ಯಾವ ಕಡೆಗೋ ಅಂಕಿಯೂ ಆ ಕಡೆಗೇ ವಾಲುತ್ತದೆ.

ಅದೇ ಇರಾನಿನಿಂದ ಬಂದು ಷಿಕಾಗೊದಲ್ಲೋ ಡೆಟ್ರಾಯ್ಟ್‌ನಲ್ಲೋ ಮನೆ ಮಾಡಿದವರಿಗೆ ಈ ಪ್ರಶ್ನೆಯಿಂದ ಬಿಡುಗಡೆಯಿಲ್ಲ. ಮಗುವನ್ನು ಶಾಲೆಗೆ ಸೇರಿಸುವ ಅರ್ಜಿಯಲ್ಲಿ, ಆಸ್ಪತ್ರೆಯ ಅರ್ಜಿಯಲ್ಲಿ, ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿಯಲ್ಲಿ ತಾನು ಯಾರೆಂದು ಗುರುತು ಹಾಕಲೇಬೇಕು. ಅಮೆರಿಕದ ಇರಾನಿಯರ ದೊಡ್ಡ ನೆಲೆ ಲಾಸ್ ಏಂಜಲೀಸ್ ನಿಜ. ಆದರೆ ಇರಾನಿನ ರಾಷ್ಟ್ರದ ಪ್ರಶ್ನೆಗೆ ಬೇಕಾದ ಸಾಕ್ಷ್ಯಗಳು ಷಿಕಾಗೊ–ಡೆಟ್ರಾಯ್ಟ್ ಸುತ್ತಮುತ್ತ ಸಿಗುವಷ್ಟು ಅಲ್ಲಿ ಸಿಗುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಪರ್ಷಿಯನ್ ಸಾಮ್ರಾಟ ದಾರಿಯಸ್‌ನ ಕಚೇರಿಯ ಲೆಕ್ಕಪತ್ರ, ಉರ್ಮಿಯಾದ ಅಸೀರಿಯನ್ನರ ಚರ್ಚು, ಬಹಾಯಿಗಳ ಮಂದಿರ, ಅರಬ್ ಷಿಯಾಗಳ ಮಸೀದಿ, ಈ ಚರ್ಚೆಯ ದಿಕ್ಕು ಬದಲಿಸಿದ ಇಬ್ಬರು ವಿದ್ವಾಂಸರು ಓದಿದ, ಕಲಿಸಿದ ವಿಶ್ವವಿದ್ಯಾಲಯ, ಎಲ್ಲವೂ ಇಲ್ಲಿವೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಫಾರಸಿ ಭಾಷೆ ಯಾವ ಕಾಲಕ್ಕೂ ಅದನ್ನು ಮನೆಮಾತಾಗಿ ಆಡುವ ಜನರಿಗಿಂತ ದೊಡ್ಡದಾಗಿಯೇ ಇತ್ತು. ಹಾಗಾಗಿ ಪರ್ಷಿಯನ್ನರು 51ರಷ್ಟೋ 61ರಷ್ಟೋ ಎಂಬ ಜಗಳದಿಂದ ಏನೂ ತಿಳಿಯುವುದಿಲ್ಲ. ಆ ದೊಡ್ಡತನ ಹೇಗೆ ಬಂತು, ಅದಕ್ಕೆ ಬೆಲೆ ತೆತ್ತವರು ಯಾರು ಎಂದು ಕೇಳಿದರೆ ಒಂದಿಷ್ಟು ತಿಳಿಯುತ್ತದೆ.

ನಡು ಬರಿದು, ಅಂಚಿನಲ್ಲಿ ಜನ

ಇರಾನಿನ ವಿಸ್ತೀರ್ಣ ಸುಮಾರು 16.5 ಲಕ್ಷ ಚದರ ಕಿಲೋಮೀಟರ್. ಕರ್ನಾಟಕದಂಥ ಎಂಟು ರಾಜ್ಯಗಳು ಅದರಲ್ಲಿ ಹಿಡಿಸುತ್ತವೆ. ವಾಯವ್ಯದಿಂದ ಆಗ್ನೇಯಕ್ಕೆ ಜಾಗ್ರೋಸ್ ಬೆಟ್ಟಸಾಲು, ಉತ್ತರದಲ್ಲಿ ಕ್ಯಾಸ್ಪಿಯನ್ ಸಮುದ್ರಕ್ಕೆ ಬೆನ್ನು ಕೊಟ್ಟು ನಿಂತ ಅಲ್ಬೋರ್ಜ್. ಇವುಗಳ ಒಳಗಿನ ಎತ್ತರದ ಪ್ರಸ್ಥಭೂಮಿಯ ನಟ್ಟನಡುವೆ ಕವೀರ್ ಮತ್ತು ಲೂತ್ ಎಂಬ ಎರಡು ಮರುಭೂಮಿಗಳು. ಇಸ್ಫಹಾನ್, ಯಜ್ದ್, ಕೆರ್ಮಾನ್, ಕೋಮ್ ಮುಂತಾದ ಫಾರಸಿ ಮಾತಿನ ಊರುಗಳು ಆ ಬರಡಿನ ಸುತ್ತ, ಬೆಟ್ಟದ ಬುಡದಲ್ಲಿ ಸಾಲಾಗಿ ಕೂತಿವೆ. ಅವಕ್ಕೆ ನೀರು ಬರುತ್ತಿದ್ದದ್ದು ನೆಲದಡಿಯ ಕನಾತ್ ಸುರಂಗಗಳಿಂದ. ಬೀದರಿನ ನೌಬಾದಿನ ಸುರಂಗ ಬಾವಿಯನ್ನು ಕಂಡವರಿಗೆ ಈ ತಂತ್ರ ಹೊಸದಲ್ಲ. ಬಹಮನಿಗಳ ಕಾಲದಲ್ಲಿ ಅದು ಬಂದದ್ದು ಅಲ್ಲಿಂದಲೇ.

ಉಳಿದವರೆಲ್ಲ ಬೆಟ್ಟಗಳ ಮೇಲೆ ಅಥವಾ ಬೆಟ್ಟದಾಚೆಯ ಇಳಿಜಾರಿನಲ್ಲಿ. ವಾಯವ್ಯದಲ್ಲಿ ಅಜೆರಿಗಳು, ಪಶ್ಚಿಮದಲ್ಲಿ ಕುರ್ದರು, ಅವರ ಕೆಳಗೆ ಲೂರರು ಮತ್ತು ಬಖ್ತಿಯಾರಿಗಳು, ಕೊಲ್ಲಿಯ ತಲೆಯ ಬಳಿ ಖುಜೆಸ್ತಾನದ ಅರಬರು, ಆಗ್ನೇಯದಲ್ಲಿ ಬಲೂಚಿಗಳು, ಈಶಾನ್ಯದಲ್ಲಿ ತುರ್ಕಮನ್ನರು, ಕ್ಯಾಸ್ಪಿಯನ್ ದಂಡೆಯ ಮಳೆನಾಡಿನಲ್ಲಿ ಗಿಲಕಿಗಳು, ಮಾಜಂದರಾನಿಗಳು. ಗಿಲಕಿ, ಮಾಜಂದರಾನಿ, ಲೂರರನ್ನು ಬಿಟ್ಟರೆ ಬಹುತೇಕ ಎಲ್ಲರಿಗೂ ಗಡಿಯಾಚೆ ನೆಂಟರಿದ್ದಾರೆ. ಗಡಿ ಎಂದರೆ ಟೆಹರಾನಿನ ಆಡಳಿತ ಬೆಚ್ಚಿಬೀಳುವುದಕ್ಕೆ ಇದೇ ಕಾರಣ.

ನೆಲವೇ ರಾಷ್ಟ್ರವನ್ನು ರೂಪಿಸಿತು ಎನ್ನುವವರು ಬೆಟ್ಟಗಳನ್ನು ಕೋಟೆಗೋಡೆಯೆಂದು ಕರೆಯುತ್ತಾರೆ. ಅರಬರು, ಸೆಲ್ಜುಕರು, ಮಂಗೋಲರು ಬಂದರೂ ಇದೇ ಪ್ರಸ್ಥಭೂಮಿಯಲ್ಲಿ ಮತ್ತೆಮತ್ತೆ ಒಂದು ರಾಜ್ಯ ಎದ್ದು ನಿಂತದ್ದನ್ನು ತೋರಿಸುತ್ತಾರೆ. ವಾದದಲ್ಲಿ ಹುರುಳಿದೆ. ಒಟ್ಟೊಮನ್ನರೊಂದಿಗೆ 1639ರಲ್ಲಿ ಒಪ್ಪಿದ ಪಶ್ಚಿಮದ ಗಡಿ ಹೆಚ್ಚುಕಡಿಮೆ ಇಂದಿಗೂ ಜಾಗ್ರೋಸ್‌ನ ಅಂಚಿನಲ್ಲೇ ಇದೆ. ಆದರೆ ಉತ್ತರದ ಗಡಿಯನ್ನು ಬರೆದದ್ದು ಬೆಟ್ಟವಲ್ಲ, ರಷ್ಯಾದ ಫಿರಂಗಿ. 1813ರ ಗುಲಿಸ್ತಾನ್, 1828ರ ತುರ್ಕಮೆಂಚಾಯ್ ಒಪ್ಪಂದಗಳು ಅರಸ್ ನದಿಯ ಆಚೆಯ ಅಜೆರಿಗಳನ್ನು ಈಚೆಯವರಿಂದ ಬೇರೆ ಮಾಡಿದವು. ಒಂದೇ ಮಾತು, ಒಂದೇ ಮತ, ಒಂದೇ ನದಿ. ಇನ್ನೂರು ವರ್ಷಗಳ ಬಳಿಕ ಎರಡು ರಾಷ್ಟ್ರ. ಬಾಕುವಿಗೆ ಒಂದು ಗುರುತು, ತಬ್ರೀಜಿಗೆ ಇನ್ನೊಂದು ಗುರುತು ಯಾಕೆ ಬಂತೆಂಬುದನ್ನು ಭೂಗೋಳ ಹೇಳಲಾರದು.

ಷಿಕಾಗೊದಲ್ಲಿರುವ ದಾರಿಯಸ್‌ನ ಲೆಕ್ಕಪತ್ರ

ಷಿಕಾಗೊ ವಿಶ್ವವಿದ್ಯಾಲಯದ ಪ್ರಾಚ್ಯ ಸಂಸ್ಥೆ (2023ರಿಂದ ಅದರ ಹೆಸರು ಪುರಾತನ ಸಂಸ್ಕೃತಿಗಳ ಅಧ್ಯಯನ ಸಂಸ್ಥೆ) 1931ರಿಂದ 1939ರವರೆಗೆ ಪ್ರಾಚೀನ ಪರ್ಷಿಯನ್ ರಾಜಧಾನಿ ಪರ್ಸೆಪೊಲಿಸ್‌ನಲ್ಲಿ ಉತ್ಖನನ ನಡೆಸಿತು. ನೂರು ಕಂಬಗಳ ಸಭಾಂಗಣದ ಮುಂದಿದ್ದ ಕಲ್ಲಿನ ಗೂಳಿಯ ತಲೆ ಇಂದು 58ನೆಯ ಬೀದಿಯ ಅದರ ವಸ್ತುಸಂಗ್ರಹಾಲಯದಲ್ಲಿದೆ. ಎದುರು ನಿಂತರೆ ಮನುಷ್ಯನ ತಲೆ ಅದರ ಗದ್ದಕ್ಕೆ ಬರುವುದೂ ಕಷ್ಟ. ಆದರೆ ನಮ್ಮ ಪ್ರಶ್ನೆಗೆ ಗೂಳಿಗಿಂತ ಮುಖ್ಯವಾದದ್ದು ಅಂಗೈಯಲ್ಲಿ ಹಿಡಿಸುವ ಮಣ್ಣಿನ ಹಲಗೆಗಳು. 1933–34ರಲ್ಲಿ ಅರ್ನ್ಸ್ಟ್ ಹರ್ಟ್ಸ್‌ಫೆಲ್ಡ್ ಅವರ ತಂಡಕ್ಕೆ ಕೋಟೆಗೋಡೆಯ ಕೋಣೆಗಳಲ್ಲಿ ಇಂಥ ಹತ್ತಾರು ಸಾವಿರ ಹಲಗೆ, ಚೂರುಗಳು ಸಿಕ್ಕವು. ಓದಿ ತಿಳಿಯಲೆಂದು ಇರಾನ್ ಸರ್ಕಾರ ಅವನ್ನು ಷಿಕಾಗೊಗೆ ಸಾಲವಾಗಿ ಕೊಟ್ಟಿತು.

ಅವುಗಳಲ್ಲಿ ಇರುವುದು ವೀರಗಾಥೆಯಲ್ಲ, ರೇಷನ್ ಲೆಕ್ಕ. ಕ್ರಿ.ಪೂ. 509ರಿಂದ 493ರವರೆಗೆ, ದಾರಿಯಸ್‌ನ ಕಾಲದಲ್ಲಿ, ಯಾವ ಕೆಲಸದಾಳಿಗೆ ಎಷ್ಟು ಬಾರ್ಲಿ, ಯಾವ ದೂತನಿಗೆ ಎಷ್ಟು ಹಿಟ್ಟು, ಹೆತ್ತ ಹೆಂಗಸಿಗೆ ಎಷ್ಟು ಹೆಚ್ಚುವರಿ ಪಡಿ ಎಂಬುದೆಲ್ಲ ಅಲ್ಲಿ ಬರೆದಿದೆ. ಕೂಲಿಗಳಲ್ಲಿ ಬ್ಯಾಬಿಲೋನಿಯದವರು, ಈಜಿಪ್ಟಿನವರು, ಲಿಸಿಯದವರು ಇದ್ದಾರೆ; ದಾರಿಹೋಕರಲ್ಲಿ ಭಾರತದ ಕಡೆಗೆ ಹೋಗುವವರು, ಅಲ್ಲಿಂದ ಬರುವವರು ಇದ್ದಾರೆ. ಇನ್ನು ಬರೆದ ಭಾಷೆ? ಪರ್ಷಿಯನ್ ಸಾಮ್ರಾಟನ ಸ್ವಂತ ನಾಡಿನ ಕಚೇರಿ ನಡೆದದ್ದು ಎಲಾಮೈಟ್ ಭಾಷೆಯಲ್ಲಿ. ಕೆಲವು ನೂರು ಹಲಗೆಗಳು ಅರಾಮಿಕ್‌ನಲ್ಲಿವೆ, ಒಂದು ಗ್ರೀಕ್‌ನಲ್ಲಿದೆ. ಹಳೆಯ ಪರ್ಷಿಯನ್‌ನಲ್ಲಿರುವ ಲೆಕ್ಕದ ಹಲಗೆ ಇದುವರೆಗೆ ಗುರುತಾದದ್ದು ಒಂದೇ ಒಂದು.

ಇರಾನ್ ಅನಾದಿಯಿಂದ ಪರ್ಷಿಯನ್ನರದೇ ರಾಷ್ಟ್ರ ಎನ್ನುವ, ಈ ಚರ್ಚೆಯ ಮೊದಲ ಪಂಥ ಕಟ್ಟಿಕೊಂಡದ್ದು ಇದೇ ಪರ್ಸೆಪೊಲಿಸ್ ಮೇಲೆ. ಮೊಹಮ್ಮದ್ ರೆಜಾ ಶಾ 1971ರಲ್ಲಿ 2500 ವರ್ಷಗಳ ರಾಜಪ್ರಭುತ್ವದ ಮಹೋತ್ಸವಕ್ಕೆ ಡೇರೆ ಹಾಕಿಸಿದ್ದೂ ಅಲ್ಲೇ. ದಾರಿಯಸ್ ತನ್ನ ಶಾಸನಗಳಲ್ಲಿ ತಾನು ಪರ್ಷಿಯನ್, ಆರ್ಯ ವಂಶದವ ಎಂದು ಹೇಳಿಕೊಂಡದ್ದು ಸುಳ್ಳಲ್ಲ. ಆದರೆ ಅವನ ಬೆಹಿಸ್ತೂನ್ ಶಾಸನ ಮೂರು ಭಾಷೆಗಳಲ್ಲಿದೆ, ಅವನ ಗುಮಾಸ್ತ ನಾಲ್ಕನೆಯದರಲ್ಲೂ ಬರೆಯುತ್ತಿದ್ದ. ಒಂದು ದೇಶ ಒಂದು ಭಾಷೆ ಎಂಬುದಕ್ಕೆ ಅವನನ್ನು ಸಾಕ್ಷಿಗೆ ಕರೆದರೆ ಸಾಕ್ಷಿ ಉಲ್ಟಾ ಹೊಡೆಯುತ್ತದೆ.

ಆರ್ಯ ಸಿದ್ಧಾಂತಕ್ಕೆ ಅಳತೆಪಟ್ಟಿ ಹಿಡಿದವರಲ್ಲಿ ಷಿಕಾಗೊದವರೂ ಇದ್ದರು. ಫೀಲ್ಡ್ ಮ್ಯೂಸಿಯಂನ ಹೆನ್ರಿ ಫೀಲ್ಡ್ 1934ರಲ್ಲಿ ಇರಾನಿಗೆ ಹೋಗಿ ಜನರ ತಲೆ, ಮೂಗು ಅಳೆದು ಬಂದ. 1939ರಲ್ಲಿ ಇರಾನಿನ ಮಾನವಶಾಸ್ತ್ರದ ಬಗ್ಗೆ ಗ್ರಂಥ ಪ್ರಕಟಿಸಿದ. ನಡುವಿನ 1935ರಲ್ಲಿ ರೆಜಾ ಶಾ ಸರ್ಕಾರ ಹೊರದೇಶಗಳಿಗೆಲ್ಲ ಪರ್ಷಿಯಾ ಬದಲು ಇರಾನ್ ಎಂದೇ ಬರೆಯಬೇಕೆಂದು ಸೂಚಿಸಿತ್ತು. ಆ ಅಳತೆಗಳಿಗೆ ಇಂದು ಮೂರು ಕಾಸಿನ ಬೆಲೆಯಿಲ್ಲ. ಸಿದ್ಧಾಂತ ಮಾತ್ರ ಜನರ ಮಾತಿನಲ್ಲಿ ಉಳಿದುಕೊಂಡಿದೆ.

ಹಲಗೆಗಳ ಕಥೆಗೆ ಒಂದು ಬಾಲವಿದೆ. 1997ರಲ್ಲಿ ಜೆರುಸಲೇಮಿನಲ್ಲಿ ನಡೆದ ಬಾಂಬ್ ದಾಳಿಯಲ್ಲಿ ಗಾಯಗೊಂಡ ಅಮೆರಿಕನ್ನರು ಇರಾನ್ ವಿರುದ್ಧ ಪಡೆದ ಪರಿಹಾರದ ತೀರ್ಪಿಗೆ ಈ ಹಲಗೆಗಳನ್ನೇ ಜಪ್ತಿ ಮಾಡಿಸಲು ಹೊರಟರು. 2018ರ ಫೆಬ್ರವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದಕ್ಕೆ ಅವಕಾಶವಿಲ್ಲ ಎಂದಿತು. 2019ರಲ್ಲಿ 1,783 ಹಲಗೆಗಳು, ಆಮೇಲೆ ಇನ್ನಷ್ಟು, ಟೆಹರಾನಿಗೆ ಮರಳಿದವು. ಇಸ್ಲಾಮಿಗೆ ಮುಂಚಿನ ರಾಜರ ವೈಭವವನ್ನು ಅಜ್ಞಾನದ ಯುಗವೆಂದು ಒಮ್ಮೆ ಹೀಗಳೆದ ಗಣರಾಜ್ಯವೇ ಅವನ್ನು ರಾಷ್ಟ್ರದ ಆಸ್ತಿಯೆಂದು ಸ್ವಾಗತಿಸಿತು.

ಫಾರಸಿ ಯಾರ ಸ್ವತ್ತು?

ಎರಡನೆಯ ಪಂಥದವರು ರಕ್ತವನ್ನು ಬಿಟ್ಟು ನೆನಪನ್ನು ಹಿಡಿಯುತ್ತಾರೆ. ಇಟಲಿಯ ಘೆರಾರ್ದೊ ನ್ಯೋಲಿ 1989ರ ತಮ್ಮ ಪುಸ್ತಕದಲ್ಲಿ, ಇರಾನ್ ಎಂಬ ರಾಜಕೀಯ ಕಲ್ಪನೆ ಮೂಡಿದ್ದು ಕ್ರಿ.ಶ. ಮೂರನೆಯ ಶತಮಾನದ ಸಸಾನಿಯನ್ ಅರಸರ ಕಾಲದಲ್ಲಿ ಎಂದು ವಾದಿಸಿದರು. ಸಮಾಜಶಾಸ್ತ್ರಜ್ಞ ಅಹ್ಮದ್ ಅಶ್ರಫ್ ಅವರದು ಮಧ್ಯದ ದಾರಿ: ಆಧುನಿಕ ರಾಷ್ಟ್ರ ಹೊಸದೇ ಇರಬಹುದು, ಆದರೆ ಅದಕ್ಕೆ ಬೇಕಾದ ಸಾಮಗ್ರಿ ಹಳೆಯದು, ಮುರಿಯುತ್ತ, ಮತ್ತೆ ಕೂಡುತ್ತ ಅದು ಹರಿದುಬಂದಿದೆ. ಫಿರ್ದೌಸಿ 1010ರ ಸುಮಾರಿಗೆ ಮುಗಿಸಿದ ಶಾಹನಾಮೆ ಈ ವಾದದ ಬೆನ್ನೆಲುಬು.

ಈ ಪಂಥಕ್ಕೆ ಎಲ್ಲಕ್ಕಿಂತ ಹರಿತವಾದ ಆಯುಧ ಸಿಕ್ಕಿದ್ದು ಷಿಕಾಗೊದಿಂದ. ಅಲ್ಲಿ ಇಸ್ಲಾಮಿನ ಇತಿಹಾಸ ಕಲಿಸುತ್ತಿದ್ದ ಮಾರ್ಷಲ್ ಹಾಜ್ಸನ್ 1968ರಲ್ಲಿ, ನಲವತ್ತಾರರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮೂರು ಸಂಪುಟಗಳ ಗ್ರಂಥ ಬೆಳಕು ಕಂಡದ್ದು 1974ರಲ್ಲಿ. ಇಸ್ತಾಂಬುಲ್‌ನಿಂದ ಬಂಗಾಳದವರೆಗೆ ಫಾರಸಿಯನ್ನು ಆಡಳಿತದ, ಕಾವ್ಯದ, ಸಭ್ಯತೆಯ ಮಾದರಿಯಾಗಿ ಇಟ್ಟುಕೊಂಡ ಇಡೀ ಜಗತ್ತಿಗೆ ಅವರು ಪರ್ಷಿಯನೇಟ್ ಎಂದು ಹೆಸರಿಟ್ಟರು. ಆ ಜಗತ್ತಿನ ಅರಸರಲ್ಲಿ ಬಹುಪಾಲು ಮಂದಿ ತುರ್ಕರು.

ಕನ್ನಡದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಬಂದದ್ದು ಕ್ಯಾಸ್ಪಿಯನ್ ದಂಡೆಯ ಗೀಲಾನಿನಿಂದ. ಅವನ ಊರಿನ ಬೀದಿಯ ಮಾತು ಗಿಲಕಿ, ಅವನು ಪತ್ರ ಬರೆದದ್ದು ಫಾರಸಿಯಲ್ಲಿ, ಅವನು ಆಳಿದ ಜನ ಆಡುತ್ತಿದ್ದದ್ದು ಕನ್ನಡ, ಮರಾಠಿ, ತೆಲುಗು, ದಖನಿ. ಅವನ ತಲೆ ಉರುಳಿದ್ದೂ ಹೊರಗಿನಿಂದ ಬಂದ ಅಫಾಕಿಗಳಿಗೂ ಇಲ್ಲಿಯ ದಖನಿಗಳಿಗೂ ನಡೆದ ಜಗಳದಲ್ಲಿ. ವಿಜಯಪುರದಲ್ಲಿ ಕೂತು ದಕ್ಷಿಣದ ಚರಿತ್ರೆ ಬರೆದ ಫಿರಿಶ್ತಾ ಹುಟ್ಟಿದ್ದು ಅಸ್ತರಾಬಾದಿನಲ್ಲಿ. ಇಂಥವರಿಗೆ ಫಾರಸಿ ಒಂದು ಜನಾಂಗದ ಗುರುತಾಗಿರಲಿಲ್ಲ, ಉದ್ಯೋಗದ ಅರ್ಹತೆಯಾಗಿತ್ತು.

ಡೆಟ್ರಾಯ್ಟ್ ಕಲಾ ಸಂಸ್ಥೆಯಲ್ಲಿ ದೊಡ್ಡ ಮಂಗೋಲ್ ಶಾಹನಾಮೆಯ ಒಂದು ಪುಟವಿದೆ: ಅರ್ದಶೀರ್ ಬಹ್ಮನನೊಡನೆ ಕಾದುವ ಚಿತ್ರ. ಈ ಹಸ್ತಪ್ರತಿ ಸಿದ್ಧವಾದದ್ದು 1330ರ ದಶಕದಲ್ಲಿ, ಇರಾನನ್ನು ಆಳುತ್ತಿದ್ದ ಮಂಗೋಲ್ ದರ್ಬಾರಿನಲ್ಲಿ. ದೇಶ ಗೆದ್ದ ಪರಕೀಯರೇ ಸೋತವರ ರಾಜರ ಕಥೆಯನ್ನು ತಮ್ಮ ಪೂರ್ವಿಕರದೆಂಬಂತೆ ಬರೆಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದೆಮೊತ್ ಎಂಬ ಪ್ಯಾರಿಸ್‌ನ ವ್ಯಾಪಾರಿ ಅದನ್ನು ಬಿಡಿಬಿಡಿ ಪುಟಗಳಾಗಿ ಹರಿದು ಮಾರಿದ್ದರಿಂದ ಒಂದು ಪುಟ ಇಲ್ಲಿಗೆ ಬಂದಿದೆ.

ಸಫಾವಿದರೂ ಹಾಗೆಯೇ. 1501ರಲ್ಲಿ ತಬ್ರೀಜಿನಲ್ಲಿ ಪಟ್ಟವೇರಿ ಇರಾನನ್ನು ಷಿಯಾ ರಾಜ್ಯ ಮಾಡಿದ ಶಾ ಇಸ್ಮಾಯಿಲ್ ಕವಿತೆ ಬರೆದದ್ದು ಹೆಚ್ಚಾಗಿ ತುರ್ಕಿಯಲ್ಲಿ. ಈ ಪಂಥ ಇರಾನಿನ ದೀರ್ಘಾಯುಷ್ಯವನ್ನು ಚೆನ್ನಾಗಿ ವಿವರಿಸುತ್ತದೆ. ಆದರೆ ನೂರರಲ್ಲಿ ಬೆರಳೆಣಿಕೆಯ ಮಂದಿಗೆ ಓದುಬರಹ ಬರುತ್ತಿದ್ದ ಕಾಲದಲ್ಲಿ ದರ್ಬಾರಿನ ಈ ನೆನಪು ಬಲೂಚಿ ಕುರುಬನಿಗೆ ಏನಾಗಿತ್ತು ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ.

ರೈಲು, ಶಾಲೆ, ಸೈನ್ಯ

ಆ ಕುರುಬನನ್ನು ನಿಜಕ್ಕೂ ಇರಾನಿಯನಾಗಿ ಮಾಡಿದ್ದು ಇಪ್ಪತ್ತನೆಯ ಶತಮಾನದ ಸರ್ಕಾರ ಎನ್ನುವುದು ಮೂರನೆಯ ಪಂಥ. ಎರ್ವಂದ್ ಅಬ್ರಹಾಮಿಯನ್ 1982ರಲ್ಲಿ, ಮುಸ್ತಫಾ ವಜೀರಿ 1993ರಲ್ಲಿ, ಫಿರೂಜೆ ಕಶಾನಿ-ಸಬೆತ್ 1999ರಲ್ಲಿ, ರೆಜಾ ಜಿಯಾ-ಇಬ್ರಾಹಿಮಿ 2016ರಲ್ಲಿ ಪ್ರಕಟಿಸಿದ ಪುಸ್ತಕಗಳು ಬೇರೆಬೇರೆ ಕೋನದಿಂದ ಈ ಕಡೆಗೇ ನಡೆಯುತ್ತವೆ. ಕಶಾನಿ-ಸಬೆತ್ ಪ್ರಕಾರ ಗಡಿ ಕಳೆದುಕೊಂಡ ಸಂಕಟವೇ ಇರಾನಿಯರಿಗೆ ದೇಶದ ಆಕಾರವನ್ನು ಕಲಿಸಿತು. ಜಿಯಾ-ಇಬ್ರಾಹಿಮಿ ಇನ್ನೂ ಕಟುವಾಗಿ, ಯೂರೋಪಿನ ಆರ್ಯವಾದವನ್ನು ತಂದು ನೆಟ್ಟು ಇರಾನನ್ನು ತನ್ನ ನೆರೆಹೊರೆಯಿಂದಲೇ ಕಿತ್ತರು ಎನ್ನುತ್ತಾರೆ.

1925ರಿಂದ 1941ರವರೆಗೆ ಆಳಿದ ರೆಜಾ ಶಾನ ಕೆಲಸಗಳನ್ನು ನೋಡಿದರೆ ಈ ಪಂಥದ ಮಾತು ತಳ್ಳಿಹಾಕುವಂಥದಲ್ಲ. ಕಡ್ಡಾಯ ಸೈನಿಕ ಸೇವೆ, ಗಂಡಸರಿಗೆ ಒಂದೇ ಬಗೆಯ ಟೋಪಿ, ಅಲೆಮಾರಿ ಬುಡಕಟ್ಟುಗಳನ್ನು ಬಲವಂತದಿಂದ ಊರು ಹತ್ತಿಸುವುದು, ಶಾಲೆಗಳಲ್ಲಿ ಫಾರಸಿ ಒಂದೇ. 1927ರಿಂದ 1938ರವರೆಗೆ ಕೊಲ್ಲಿಯಿಂದ ಕ್ಯಾಸ್ಪಿಯನ್‌ವರೆಗೆ ಹಾಕಿದ ರೈಲುಮಾರ್ಗಕ್ಕೆ ಹೊರಗಿನ ಸಾಲ ತರಲಿಲ್ಲ. ಚಹಾ, ಸಕ್ಕರೆಯ ಮೇಲೆ ತೆರಿಗೆ ಹಾಕಿದರು. ಕುರ್ದನೂ ಬಲೂಚಿಯೂ ಕುಡಿದ ಪ್ರತಿ ಲೋಟ ಚಹಾದಲ್ಲಿ ಆ ರೈಲಿಗೆ ಪಾಲು ಕೊಟ್ಟರು, ರೈಲು ಮಾತ್ರ ಅವರ ಊರಿನ ಕಡೆ ಸುಳಿಯಲಿಲ್ಲ. ಇರಾನಿನ ಎರಡನೆಯ ನಗರವೆನಿಸಿದ್ದ ತಬ್ರೀಜಿಗೆ ಟೆಹರಾನಿನಿಂದ ರೈಲು ತಲುಪಿದ್ದು 1950ರ ದಶಕದ ಕೊನೆಗೆ.

1937ರ ಕಾನೂನು ಹಳೆಯ ಪ್ರಾಂತ್ಯಗಳ ಹೆಸರು ಅಳಿಸಿ ಅಂಕಿ ಕೊಟ್ಟಿತು. ಅಜೆರ್‌ಬೈಜಾನ್ ಎರಡು ಹೋಳಾಗಿ ಮೂರನೆಯ ಪ್ರಾಂತ್ಯ, ನಾಲ್ಕನೆಯ ಪ್ರಾಂತ್ಯ ಎನಿಸಿಕೊಂಡಿತು. ಭಾರತದಲ್ಲಿ 1956ರಲ್ಲಿ ನಡೆದದ್ದು ಇದರ ನೇರ ವಿರುದ್ಧ. ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರನ್ನು ಭಾಷೆಯ ಹೆಸರಿನಲ್ಲಿ ಒಂದು ಮಾಡಲಾಯಿತು. ಭಾಷೆಗೊಂದು ರಾಜ್ಯ ಕೊಟ್ಟರೆ ದೇಶ ಒಡೆಯುತ್ತದೆ ಎಂದು ದೆಹಲಿಯಲ್ಲೂ ಅಂಜಿದವರಿದ್ದರು. ಒಡೆಯಲಿಲ್ಲ. ಆದರೂ ಈ ಹೋಲಿಕೆಯನ್ನು ಬಹಳ ಎಳೆಯಬಾರದು. ಕಾಸರಗೋಡು ಕೇರಳಕ್ಕೆ ಹೋದರೆ ಕಳೆದುಕೊಳ್ಳುವುದು ಒಂದು ತಾಲ್ಲೂಕು; ತಬ್ರೀಜ್ ಆಚೆ ಹೋದರೆ ಎಂದು ಯೋಚಿಸುವಾಗ ಟೆಹರಾನಿಗೆ ಕಾಣುವುದು ಸೋವಿಯತ್ ಸೈನ್ಯ.

ಅದು ಬರಿಯ ಭಯವೂ ಆಗಿರಲಿಲ್ಲ. 1945ರ ಕೊನೆಗೆ ಪಿಶೆವರಿಯ ನೇತೃತ್ವದಲ್ಲಿ ತಬ್ರೀಜಿನಲ್ಲಿ ಸ್ವಾಯತ್ತ ಸರ್ಕಾರ, 1946ರ ಜನವರಿಯಲ್ಲಿ ಮಹಾಬಾದಿನಲ್ಲಿ ಕುರ್ದಿಶ್ ಗಣರಾಜ್ಯ ಹುಟ್ಟಿದ್ದು ಸೋವಿಯತ್ ಸೈನ್ಯದ ನೆರಳಿನಲ್ಲೇ. ಎರಡೂ ಒಂದು ವರ್ಷದಲ್ಲಿ ಮುಗಿದವು. ಮಹಾಬಾದಿನ ಅಧ್ಯಕ್ಷ ಖಾಜಿ ಮುಹಮ್ಮದರನ್ನು 1947ರ ಮಾರ್ಚ್ 31ರಂದು ಗಲ್ಲಿಗೇರಿಸಿದರು.

ಅಂಚಿನವರ ವಾದ

ತಬ್ರೀಜಿನ ಶಾಲೆಯೊಂದರಲ್ಲಿ ಹುಡುಗನೊಬ್ಬ ತನ್ನ ಮನೆಮಾತಾದ ತುರ್ಕಿಯಲ್ಲಿ ಗೋಡೆಪತ್ರಿಕೆ ಬರೆದ. ಆ ಶಾಯಿಯನ್ನು ನಾಲಿಗೆಯಿಂದ ನೆಕ್ಕಿ ಅಳಿಸುವಂತೆ ಮಾಡಿದರು. ಆ ಹುಡುಗ ಮುಂದೆ ಫಾರಸಿಯ ಹೆಸರಾಂತ ಕವಿ, ವಿಮರ್ಶಕನಾದ ರೆಜಾ ಬರಾಹೆನಿ. ಶಾ ಆಡಳಿತದಲ್ಲಿ ಸೆರೆಮನೆ ಕಂಡ ಅವರು 2022ರಲ್ಲಿ ಟೊರಾಂಟೊದಲ್ಲಿ ತೀರಿಕೊಂಡರು. ಅದೇ ಸೀಮೆಯ ಹಳ್ಳಿ ಮೇಷ್ಟ್ರು, ‘ಪುಟ್ಟ ಕಪ್ಪು ಮೀನು’ ಬರೆದ ಸಮದ್ ಬೆಹ್ರಂಗಿ, ತುರ್ಕಿ ಮಾತಾಡುವ ಮಕ್ಕಳ ಮುಂದೆ ಟೆಹರಾನಿನ ಪಠ್ಯ ಇಟ್ಟರೆ ಏನಾಗುತ್ತದೆಂದು 1960ರ ದಶಕದಲ್ಲೇ ವಿವರವಾಗಿ ಬರೆದಿದ್ದರು.

ನಾಲ್ಕನೆಯ ಪಂಥ ಇವರ ಅನುಭವದಿಂದ ಹೊರಡುತ್ತದೆ. ಅಲಿರೆಜಾ ಅಸ್ಗರ್‌ಜಾದೆ 2007ರಲ್ಲಿ ಇರಾನಿನ ರಾಷ್ಟ್ರೀಯತೆಯನ್ನು ನೇರವಾಗಿ ಜನಾಂಗೀಯವಾದವೆಂದೇ ಕರೆದರು. ಖುಜೆಸ್ತಾನದ ಎಣ್ಣೆ ದೇಶ ಸಾಕುತ್ತದೆ, ಅಲ್ಲಿಯ ಅರಬ ಬಡವ. ಬಲೂಚಿಸ್ತಾನಕ್ಕೆ ಕೊನೆಯ ಪಾಲು. ಇದೊಂದು ಒಳಗಿನ ವಸಾಹತು ಎನ್ನುವುದು ಇವರ ವಾದ. 2022ರ ಸೆಪ್ಟೆಂಬರ್ 16ರಂದು ಪೊಲೀಸರ ವಶದಲ್ಲಿದ್ದಾಗ ಸತ್ತ ಮಹ್ಸಾ ಅಮೀನಿ ಸಖ್ಖೆಜಿನ ಕುರ್ದಿಶ್ ಹುಡುಗಿ. ಮನೆಯವರು ಕರೆಯುತ್ತಿದ್ದ ಹೆಸರು ಜೀನಾ. ದೇಶವನ್ನೆಲ್ಲ ಕಲಕಿದ ಹೆಣ್ಣು–ಬದುಕು–ಸ್ವಾತಂತ್ರ್ಯದ ಘೋಷಣೆ ಕುರ್ದಿಶ್‌ನಿಂದ ಫಾರಸಿಗೆ ಬಂದದ್ದು. ಅದೇ ತಿಂಗಳ 30ರಂದು ಜಾಹೆದಾನಿನಲ್ಲಿ ಬಲೂಚಿಗಳ ಮೇಲೆ ಗುಂಡು ಹಾರಿತು.

ಈ ಪಂಥದ ನೋವು ಸತ್ಯ, ತೀರ್ಮಾನ ಮಾತ್ರ ಅವಸರದ್ದು ಎಂಬುದು ನನ್ನ ಅಭಿಪ್ರಾಯ. ಟೆಹರಾನಿನ ಸಂಸತ್ತನ್ನು ಅಂದಿನ ಶಾ ಒಡೆದಾಗ 1908–09ರಲ್ಲಿ ಸತ್ತಾರ್ ಖಾನನ ಹಿಂದೆ ನಿಂತು, ಮುತ್ತಿಗೆಯಲ್ಲಿ ಹಸಿದು, ಇರಾನಿನ ಸಂವಿಧಾನವನ್ನು ಉಳಿಸಿದ್ದು ತುರ್ಕಿ ಮಾತಿನ ತಬ್ರೀಜ್. 1980ರಲ್ಲಿ ಸದ್ದಾಂ ಹುಸೇನ್ ಖುಜೆಸ್ತಾನಕ್ಕೆ ನುಗ್ಗಿದಾಗ ಅಲ್ಲಿಯ ಅರಬರು ಅವನ ಜೊತೆ ಏಳುತ್ತಾರೆಂಬ ಲೆಕ್ಕಾಚಾರ ಸುಳ್ಳಾಯಿತು. ಬೇಡಿಕೆಗಳಿವೆ ಎಂದರೆ ಬೇರೆಯಾಗುವ ಮನಸ್ಸಿದೆ ಎಂದಲ್ಲ.

ಗುಂಪಿನ ಗೆರೆಯೇ ಸರಿದಾಡಿದರೆ

ಮೇಲಿನ ನಾಲ್ಕೂ ಪಂಥಗಳು ಪರ್ಷಿಯನ್, ಅಜೆರಿ, ಕುರ್ದ್ ಎಂಬ ಗುಂಪುಗಳು ಅಚ್ಚುಕಟ್ಟಾಗಿ ಇವೆ ಎಂದು ಭಾವಿಸಿಯೇ ಮಾತಾಡುತ್ತವೆ. ಷಿಕಾಗೊದಲ್ಲಿ ಓದಿದ ನಾರ್ವೆಯ ಫ್ರೆಡ್ರಿಕ್ ಬಾರ್ತ್ ಅದನ್ನೇ ಅಲುಗಾಡಿಸಿದರು. ದಕ್ಷಿಣ ಇರಾನಿನ ಬಸ್ಸೆರಿ ಅಲೆಮಾರಿಗಳ ಜೊತೆ ಇದ್ದು 1961ರಲ್ಲಿ ಅವರ ಬಗ್ಗೆ ಪುಸ್ತಕ ಬರೆದರು. 1969ರಲ್ಲಿ, ಜನಾಂಗವೆಂದರೆ ಒಳಗಿನ ಸರಕಲ್ಲ, ಎರಡು ಗುಂಪುಗಳ ನಡುವೆ ಜನ ಕಾಯುವ ಗೆರೆ ಎಂದು ವಾದಿಸಿದರು. ಬಸ್ಸೆರಿಗಳು ಸೇರಿದ್ದ ಖಮ್ಸೆ ಒಕ್ಕೂಟವೇ ಅದಕ್ಕೆ ಒಳ್ಳೆಯ ನಿದರ್ಶನ. ಶಿರಾಜಿನ ವ್ಯಾಪಾರಿ ಮನೆತನವೊಂದು 1860ರ ದಶಕದಲ್ಲಿ ಕಶ್ಕಾಯಿ ಬುಡಕಟ್ಟಿನವರ ಬಲಕ್ಕೆ ಎದುರಾಗಿ ಐದು ಬುಡಕಟ್ಟುಗಳನ್ನು ಕೂಡಿಸಿತು: ಒಂದು ಅರಬ್, ಒಂದು ಫಾರಸಿ, ಮೂರು ತುರ್ಕಿ. ಟೆಹರಾನಿನಲ್ಲಿ ಮೂರು ತಲೆಮಾರಿನಿಂದ ಇರುವ, ಅಜ್ಜಿಯ ಜೊತೆ ತುರ್ಕಿ, ಮಕ್ಕಳ ಜೊತೆ ಫಾರಸಿ ಆಡುವ ಲಕ್ಷಾಂತರ ಮನೆಗಳನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ? ಬೆಂಗಳೂರಿನ ಮನೆಗಳನ್ನು ಬಲ್ಲವರು ಈ ಪ್ರಶ್ನೆಗೆ ತಲೆದೂಗುತ್ತಾರೆ.

ಡೆವಾನ್, ವಿಲ್ಮೆಟ್, ಡಿಯರ್‌ಬಾರ್ನ್

ಷಿಕಾಗೊದ ಕನ್ನಡದ ಮನೆಗಳಿಗೆ ಡೆವಾನ್ ಬೀದಿ ಗೊತ್ತು. ಪಟೇಲ್ ಬ್ರದರ್ಸ್ 1974ರಲ್ಲಿ ಅಂಗಡಿ ತೆರೆದದ್ದು ಅಲ್ಲೇ. ಕರಿಬೇವು, ಸೋನಾ ಮಸೂರಿಗಾಗಿ ಹೋಗದವರಿಲ್ಲ. ಬೀದಿಯ ಒಂದು ತುಂಡಿಗೆ ಗಾಂಧಿ ಮಾರ್ಗವೆಂದು ಗೌರವದ ಕಂದು ಫಲಕವಿದೆ. ಅದು ವೆಸ್ಟರ್ನ್ ಅವೆನ್ಯೂವನ್ನು ಕೂಡುವ ಕಡೆ ಇನ್ನೊಂದು ಫಲಕ: ಕಿಂಗ್ ಸಾರ್ಗಾನ್ ಬುಲೆವಾರ್ಡ್. ಅದು ಅಸೀರಿಯನ್ನರದು.

ಷಿಕಾಗೊಗೆ ಮೊದಲು ಬಂದ ಅಸೀರಿಯನ್ನರು ಬಹುಪಾಲು ಇರಾನಿನ ಉರ್ಮಿಯಾ ಸೀಮೆಯವರು. 1830ರ ದಶಕದಲ್ಲಿ ಅಲ್ಲಿಗೆ ಹೋದ ಅಮೆರಿಕನ್ ಮಿಷನರಿಗಳು ಶಾಲೆ, ಅಚ್ಚುಕೂಟ ತೆರೆದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆ ದಾರಿ ಹಿಡಿದು ಜನ ಇತ್ತ ಬಂದರು. ಮೊದಲನೆಯ ಮಹಾಯುದ್ಧದಲ್ಲಿ ಒಟ್ಟೊಮನ್ ಸೈನ್ಯ ಮತ್ತು ಕುರ್ದಿಶ್ ಪಡೆಗಳ ಕೈಯಲ್ಲಿ ನಡೆದ ಕಗ್ಗೊಲೆ ಉಳಿದವರನ್ನು ಓಡಿಸಿತು. ಅವರ ಕುಲಪತಿ ಮಾರ್ ಶಿಮುನ್ ಬೆನ್ಯಾಮಿನರನ್ನು 1918ರ ಮಾರ್ಚಿನಲ್ಲಿ ಕೊಲ್ಲಿಸಿದ್ದು ಕುರ್ದಿಶ್ ನಾಯಕ ಸಿಮ್ಕೊ. ಅಂಚಿನವರ ಪಂಥ ಮರೆಯುವ ಸಂಗತಿ ಇದು: ಅಂಚಿನಲ್ಲಿ ಎಲ್ಲರೂ ಒಂದು ಕಡೆ, ಟೆಹರಾನ್ ಇನ್ನೊಂದು ಕಡೆ ಎಂದೇನಿಲ್ಲ. ಕುರ್ದರಿಗೂ ಅಜೆರಿಗಳಿಗೂ ಉರ್ಮಿಯಾದಲ್ಲಿ ಇಂದಿಗೂ ಸರಿಬೀಳುವುದಿಲ್ಲ. ಟೆಹರಾನಿನ ಬಿಷಪ್ ಆಗಿದ್ದ ಮಾರ್ ದಿನ್ಖಾ 1976ರಲ್ಲಿ ಪೂರ್ವದ ಅಸೀರಿಯನ್ ಚರ್ಚಿನ ಕುಲಪತಿಯಾದರು. ಮುಂದೆ ಷಿಕಾಗೊದಲ್ಲಿ ನೆಲೆಸಿ 2015ರಲ್ಲಿ ಸಾಯುವವರೆಗೂ ಇಲ್ಲಿಂದಲೇ ಚರ್ಚನ್ನು ನಡೆಸಿದರು.

ನಗರದ ಉತ್ತರಕ್ಕೆ, ಮಿಷಿಗನ್ ಸರೋವರದ ದಂಡೆಯ ವಿಲ್ಮೆಟ್‌ನಲ್ಲಿ ಒಂಬತ್ತು ಮುಖದ ಬಿಳಿಯ ಬಹಾಯಿ ಮಂದಿರವಿದೆ. ಟೆಹರಾನಿನಲ್ಲಿ ಹುಟ್ಟಿದ ಬಹಾಯಿ ಗುರು ಅಬ್ದುಲ್ ಬಹಾ 1912ರ ಮೇ 1ರಂದು ಅದಕ್ಕೆ ಕಲ್ಲಿಟ್ಟರು, ಲೋಕಾರ್ಪಣೆ 1953ರಲ್ಲಿ. ಇರಾನಿನ ಬಹಾಯಿಗಳಲ್ಲಿ ಎಷ್ಟೋ ಮಂದಿಯ ಮನೆಮಾತು ಅಪ್ಪಟ ಫಾರಸಿ. ಆದರೆ ಸಂವಿಧಾನದ 13ನೆಯ ವಿಧಿ ಗುರುತಿಸುವ ಅಲ್ಪಸಂಖ್ಯಾತರು ಜೊರಾಸ್ಟ್ರಿಯನ್ನರು, ಯಹೂದಿಗಳು, ಕ್ರೈಸ್ತರು ಮಾತ್ರ. ಬಹಾಯಿಗಳಿಗೆ ಅಲ್ಲಿ ವಿಶ್ವವಿದ್ಯಾಲಯದ ಬಾಗಿಲಿಲ್ಲ. 1979ರ ನಂತರ ಇನ್ನೂರಕ್ಕೂ ಹೆಚ್ಚು ಮಂದಿ ಗಲ್ಲಿಗೋ ಗುಂಡಿಗೋ ಬಲಿಯಾದರು. ಇದರ ಪಕ್ಕದಲ್ಲಿ ಇನ್ನೊಂದು ಸಂಗತಿ ಇಡಿ: 1989ರಲ್ಲಿ ಸರ್ವೋಚ್ಚ ನಾಯಕರಾದ ಅಲಿ ಖಾಮನೇಯಿ ಅವರ ತಂದೆ ಅಜೆರಿ. ಷಿಯಾ ಆದ ಅಜೆರಿಗೆ ಪಟ್ಟ, ಷಿಯಾ ಅಲ್ಲದ ಪರ್ಷಿಯನ್ನನಿಗೆ ಬಹಿಷ್ಕಾರ. ಪರ್ಷಿಯನ್ ಬಹುಸಂಖ್ಯೆಯ ಆಳ್ವಿಕೆ ಎಂಬ ಸರಳ ಚಿತ್ರ ಇಲ್ಲಿ ಕುಸಿಯುತ್ತದೆ. ಬಡತನದಲ್ಲೂ ಶಿಕ್ಷೆಯಲ್ಲೂ ಕೆಳಗಿರುವವರು ಭಾಷೆ ಮತ್ತು ಮತ ಎರಡರಲ್ಲೂ ಬೇರೆಯಾದ ಬಲೂಚಿಗಳು, ಸುನ್ನಿ ಕುರ್ದರು.

ಮತವೇ ರಾಷ್ಟ್ರವೇ? ಡೆಟ್ರಾಯ್ಟ್ ಪಕ್ಕದ ಡಿಯರ್‌ಬಾರ್ನ್ ಅದಕ್ಕೂ ಅಡ್ಡ ನಿಲ್ಲುತ್ತದೆ. ಫೋರ್ಡ್ ಕಾರ್ಖಾನೆಯ ಕೂಲಿಗೆ ಬಂದವರಿಂದ ಬೆಳೆದ ಈ ಊರು 2020ರ ಗಣತಿಯಲ್ಲಿ ಅರಬ್ ಬಹುಸಂಖ್ಯಾತ ನಗರ. 2005ರಲ್ಲಿ ಹೊಸ ಕಟ್ಟಡಕ್ಕೆ ಬಂದ ಅಲ್ಲಿಯ ಇಸ್ಲಾಮಿಕ್ ಸೆಂಟರ್ ಆಫ್ ಅಮೆರಿಕ ಷಿಯಾ ಮಸೀದಿ. ಅದನ್ನು ಕಟ್ಟಿ ಬೆಳೆಸಿದವರು ಮುಖ್ಯವಾಗಿ ಲೆಬನಾನಿನವರು. ಸಫಾವಿದರು ಹದಿನಾರನೆಯ ಶತಮಾನದಲ್ಲಿ ಇರಾನಿಗೆ ಷಿಯಾ ಶಾಸ್ತ್ರ ಕಲಿಸಲು ವಿದ್ವಾಂಸರನ್ನು ಕರೆಸಿಕೊಂಡದ್ದು ಇದೇ ದಕ್ಷಿಣ ಲೆಬನಾನಿನ ಜಬಲ್ ಅಮೀಲ್‌ನಿಂದ. ಗುರುಗಳ ನಾಡಿನವರು ಅರಬರಾಗಿಯೇ ಉಳಿದರು, ಶಿಷ್ಯರು ಇರಾನಿಯರಾದರು. ಇರಾಕಿನ ಷಿಯಾ ಸೈನಿಕರೂ ಎಂಟು ವರ್ಷ ಇರಾನಿನ ವಿರುದ್ಧ ಕಾದಿದರು.

ಅಮೆರಿಕದ ಕಾನೂನು ಇವರನ್ನೆಲ್ಲ ಒಂದೇ ಚೀಲಕ್ಕೆ ತುಂಬಿದ ಕಥೆಯೂ ಇಲ್ಲಿಯದೇ. 1942ರಲ್ಲಿ ಡೆಟ್ರಾಯ್ಟ್‌ನ ನ್ಯಾಯಾಧೀಶರೊಬ್ಬರು ಯೆಮೆನಿನ ಅಹ್ಮದ್ ಹಸನ್ ಬಿಳಿಯನಲ್ಲ ಎಂದು ಪೌರತ್ವ ನಿರಾಕರಿಸಿದರು. ಎರಡೇ ವರ್ಷದಲ್ಲಿ ಇನ್ನೊಂದು ನ್ಯಾಯಾಲಯ ಬೇರೊಬ್ಬ ಅರಬನನ್ನು ಬಿಳಿಯನೆಂದಿತು. 1977ರ ಕೇಂದ್ರ ನಿಯಮ ಮಧ್ಯಪ್ರಾಚ್ಯದವರನ್ನೆಲ್ಲ ಬಿಳಿಯರ ಪಟ್ಟಿಗೆ ಹಾಕಿತು. 2020ರ ಗಣತಿಯಲ್ಲಿ ಆ ಪಟ್ಟಿಯ ಕೆಳಗೆ ಮೂಲ ಬರೆಯಲು ಜಾಗ ಕೊಟ್ಟಾಗ ಸುಮಾರು 5.68 ಲಕ್ಷ ಮಂದಿ ಇರಾನಿಯನ್ ಎಂದು ಬರೆದರು. 2024ರ ಮಾರ್ಚ್ 28ರಂದು ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾ ಎಂಬ ಪ್ರತ್ಯೇಕ ವರ್ಗ ಘೋಷಣೆಯಾಯಿತು. ಆರ್ಯರೆಂದು ಕಲಿತು ಬಂದ ತಂದೆ ಬಿಳಿಯ ಎಂಬಲ್ಲಿ ಗುರುತು ಹಾಕುತ್ತಾನೆ, ಶಾಲೆಯಲ್ಲಿ ಬೇರೆಯದೇ ಅನುಭವ ಉಂಡ ಮಗಳು ಒಪ್ಪುವುದಿಲ್ಲ. ನೇದಾ ಮಗ್ಬೂಲೆ ಅವರ 2017ರ ಅಧ್ಯಯನ ಈ ಮನೆಜಗಳದ ಬಗ್ಗೆಯೇ ಇದೆ. ಡೆಟ್ರಾಯ್ಟ್‌ನಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ಇರಾಕ್ ಮೂಲದ ಕಾಲ್ಡಿಯನ್ನರನ್ನೂ ಅಸೀರಿಯನ್ನರನ್ನೂ 2000ದ ಗಣತಿ ಒಂದೇ ಸಾಲಿನಲ್ಲಿ ಓರೆಗೆರೆ ಹಾಕಿ ಕೂಡಿಸಿತು. ಎರಡೂ ಕಡೆಯವರು ಮುನಿದರು. ಟೆಹರಾನ್ ಸಂಸತ್ತಿನಲ್ಲೂ ಅವರಿಬ್ಬರಿಗೆ ಸೇರಿ ಒಂದೇ ಸ್ಥಾನ.

ಇನ್ನೂ ಇತ್ಯರ್ಥವಾಗದ್ದು

ಮೊದಲನೆಯದು ಸಂಖ್ಯೆ. ಗಣತಿ ಕೇಳಿದರೆ ಗೆರೆ ಗಟ್ಟಿಯಾಗುತ್ತದೆ, ಕೇಳದಿದ್ದರೆ ಅನ್ಯಾಯ ಅಳೆಯಲು ಕೋಲಿಲ್ಲ. ಎರಡು ಭಾಷೆಯ ಮನೆಗಳನ್ನು ಎಣಿಸುವ ದಾರಿ ಯಾರಿಗೂ ಸಿಕ್ಕಿಲ್ಲ.

ಎರಡನೆಯದು ಮತ ಮತ್ತು ರಾಷ್ಟ್ರದ ಹಗ್ಗಜಗ್ಗಾಟ. 2025ರ ಜೂನಿನಲ್ಲಿ ಇಸ್ರೇಲ್ ಜೊತೆ ನಡೆದ ಹನ್ನೆರಡು ದಿನಗಳ ಯುದ್ಧದಲ್ಲಿ ಅಂಚುಗಳು ಕಿತ್ತುಕೊಂಡು ಹೋಗಲಿಲ್ಲ. ಮರುತಿಂಗಳು ಮೊಹರಂ ಶೋಕಸಭೆಯಲ್ಲಿ ಖಾಮನೇಯಿ ದೇಶಭಕ್ತಿಯ ಹಾಡು ಹೇಳಿಸಿದರು. ಗಣರಾಜ್ಯ ಹಳೆಯ ರಾಷ್ಟ್ರೀಯತೆಯನ್ನು ನಂಬಿತೋ ಬಳಸಿಕೊಂಡಿತೋ ಎಂಬುದರ ಮೇಲೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನೀರಿನ ಪ್ರಶ್ನೆಯೂ ಈಗ ಸೇರಿಕೊಂಡಿದೆ. ಉರ್ಮಿಯಾ ಸರೋವರ ಬತ್ತಿದೆ, ಕಾರೂನಿನ ನೀರು ನಡುನಾಡಿಗೆ ತಿರುಗುತ್ತಿದೆ ಎಂದು ಖುಜೆಸ್ತಾನ ಸಿಡಿದಿದೆ. ಇದು ಜನಾಂಗದ ಜಗಳವೋ ರೈತರ ಜಗಳವೋ ಎಂದು ಬಿಡಿಸಲು ಹಳೆಯ ಯಾವ ಪಂಥಕ್ಕೂ ಆಗುತ್ತಿಲ್ಲ.

ಕೊನೆಯದು ಶಾಲೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಇದೇ, ಯಾಕೆಂದರೆ ಫಾರಸಿಯನ್ನು ಕೆಳಗಿಳಿಸದೆಯೇ ಬಗೆಹರಿಸಬಹುದಾದದ್ದೂ ಇದೊಂದೇ. ಫಾರಸಿಯ ಜೊತೆಗೆ ಸ್ಥಳೀಯ ಭಾಷೆಗಳ ಸಾಹಿತ್ಯವನ್ನು ಶಾಲೆಗಳಲ್ಲಿ ಕಲಿಸಬಹುದು ಎಂದು 1979ರ ಸಂವಿಧಾನದ 15ನೆಯ ವಿಧಿ ಹೇಳುತ್ತದೆ. 2024ರ ಜುಲೈನಲ್ಲಿ ಅಧ್ಯಕ್ಷರಾಗಿ ಗೆದ್ದ ಮಸೂದ್ ಪೆಜೆಶ್ಕಿಯಾನ್ ಹುಟ್ಟಿದ್ದು ಮಹಾಬಾದಿನಲ್ಲಿ. ತುರ್ಕಿ, ಕುರ್ದಿಶ್ ಎರಡೂ ಬಲ್ಲವರು. ಅವರ ಅವಧಿಯಲ್ಲೇ, 2025ರ ಫೆಬ್ರವರಿಯಲ್ಲಿ, ಆ ವಿಧಿಯನ್ನು ಜಾರಿಗೆ ತರುವ ಮಸೂದೆ ಸಂಸತ್ತಿನ ಮುಂದೆ ಬಂದು ಬಿದ್ದುಹೋಯಿತು. ಪರವಾಗಿ 104 ಮತ, ವಿರುದ್ಧ 130.